ಐವತ್ತು ಸಾವಿರದೊಳಗೆ ಹಳೇ ಸ್ವಿಸ್ ವಾಚು: ಯಾವುದನ್ನು ಆರಿಸಬೇಕು, ಏನು ನೋಡಿ ಕೊಳ್ಳಬೇಕು

ಒಬ್ಬರು ಕಟ್ಟಿ ಬಿಟ್ಟ ಸ್ವಿಸ್ ವಾಚನ್ನು ಐವತ್ತು ಸಾವಿರ ರೂಪಾಯಿಯೊಳಗೆ ಹುಡುಕಲು ಹೊರಟವರ ಮುಂದೆ ಮುಖ್ಯವಾಗಿ ಐದು ಬಗೆಗಳಿರುತ್ತವೆ. 1995ರ ಈಚಿನ, ಇಟಿಎ ಎಂಬ ಸ್ವಿಸ್ ಕಂಪನಿಯ ಆಟೊಮ್ಯಾಟಿಕ್ (ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ) ಮೂವ್‌ಮೆಂಟ್, ಅಂದರೆ ವಾಚನ್ನು ಓಡಿಸುವ ಒಳಯಂತ್ರ, ಇರುವ ಟಿಸ್ಸಾಟ್, ಹ್ಯಾಮಿಲ್ಟನ್, ಮಿಡೋಗಳು. 1955ರಿಂದ 1975ರ ನಡುವಿನ ಒಮೆಗಾ, ಟಿಸ್ಸಾಟ್, ಲಾಂಜಿನ್ಸ್. ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಚೆನ್ನಾಗಿ ಮಾರಾಟವಾದ ಫಾವ್ರೆ ಲ್ಯೂಬಾ, ವೆಸ್ಟ್ ಎಂಡ್, ರೋಮರ್, ಟೈಟೋನಿ. ಆಮೇಲೆ ರಾಡೊ ಡಯಾಸ್ಟಾರ್. ಕೊನೆಯದು ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್.

ಇವುಗಳಲ್ಲಿ ಆರಿಸುವಾಗ ಡಯಲ್ ಮೇಲಿನ ಹೆಸರನ್ನು ಕೊನೆಗೆ ನೋಡಿ. ಮೊದಲು ಕೇಳಬೇಕಾದದ್ದು, ಒಳಗಿರುವ ಮೂವ್‌ಮೆಂಟ್ ಯಾವುದು, ನಿಮ್ಮೂರಿನಲ್ಲಿ ಅದನ್ನು ಬಿಚ್ಚಿ ಕೂಡಿಸಬಲ್ಲವರು ಇದ್ದಾರೆಯೇ, ಬಿಡಿಭಾಗ ಸಿಗುತ್ತದೆಯೇ ಎಂದು. ಎರಡನೆಯದು, ಡಯಲ್ ಅಸಲಿಯೇ ಎಂದು. ಈ ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿದ ರೋಮರ್, ಎರಡಕ್ಕೂ ಉತ್ತರವಿಲ್ಲದ ಒಮೆಗಾಗಿಂತ ಯಾವತ್ತೂ ಮೇಲು.

ಐವತ್ತು ಸಾವಿರವನ್ನೂ ವಾಚಿಗೇ ಸುರಿಯಬಾರದು. ನಲವತ್ತರ ಒಳಗೆ ವಾಚು ಮುಗಿಸಿ, ಏಳೆಂಟು ಸಾವಿರ ಸರ್ವೀಸಿಗೆ, ಉಳಿದದ್ದನ್ನು ಗಾಜು, ಗ್ಯಾಸ್ಕೆಟ್, ಬೆಲ್ಟಿಗೆ ಇಟ್ಟುಕೊಳ್ಳಿ. "ಈಗಷ್ಟೇ ಸರ್ವೀಸ್ ಆಗಿದೆ ಸಾರ್" ಎನ್ನುವ ಮಾತಿಗೆ ಬಿಲ್ಲು ಇಲ್ಲದಿದ್ದರೆ ಆಗಿಲ್ಲವೆಂದೇ ಲೆಕ್ಕ ಹಾಕಿ. ವಾಚಿನೊಳಗಿನ ಎಣ್ಣೆ ಐದಾರು ವರ್ಷಕ್ಕೆ ಆರುತ್ತದೆ ಅಥವಾ ಜಾಗ ಬಿಟ್ಟು ಹರಡುತ್ತದೆ. ಎಣ್ಣೆ ಇಲ್ಲದೆಯೂ ವಾಚು ಓಡುತ್ತದೆ, ಅದೇ ಅಪಾಯ. ಓಡುತ್ತಿದೆಯಲ್ಲ ಎಂದು ಕಟ್ಟಿಕೊಂಡು ತಿರುಗುವಷ್ಟರಲ್ಲಿ ಚಕ್ರಗಳ ಮೊನೆ ಸವೆದು, ಬರೀ ಸರ್ವೀಸಿನಲ್ಲಿ ಮುಗಿಯಬೇಕಿದ್ದ ಕೆಲಸ ಬಿಡಿಭಾಗ ಹುಡುಕುವ ಅಲೆದಾಟವಾಗುತ್ತದೆ.

ದಿನಾ ಕಟ್ಟುವುದಕ್ಕೆ: ಇಟಿಎ 2824-2 ಇರುವ ವಾಚು

ಇದೇ ಮೊದಲ ವಾಚು, ದಿನಾ ಕೆಲಸಕ್ಕೆ ಕಟ್ಟಿಕೊಂಡು ಹೋಗಬೇಕು ಎನ್ನುವವರಿಗೆ ನಮ್ಮ ಮೊದಲ ಆಯ್ಕೆ ಇದೇ. 1995ರಿಂದ 2012ರ ನಡುವೆ ಬಂದ ಟಿಸ್ಸಾಟ್ ಲೆ ಲಾಕ್ಲ್, ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಆಟೊ, ಸೆರ್ಟಿನಾ, ಮಿಡೋ ಇವೆಲ್ಲ ಹೆಸರಿಗೆ ಬೇರೆಬೇರೆ. ಹಿಂಬದಿಯ ಮುಚ್ಚಳ ತೆಗೆದರೆ ಹಲವು ಮಾದರಿಗಳಲ್ಲಿ ಕಾಣುವುದು ಒಂದೇ ಮೂವ್‌ಮೆಂಟ್: ಇಟಿಎ 2824-2. 25.6 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ದಪ್ಪ, 25 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಹರಳು), ಗಂಟೆಗೆ 28,800 ಮಿಡಿತ, ಪೂರ್ತಿ ಕೀ ಕೊಟ್ಟರೆ ಸುಮಾರು 38 ಗಂಟೆ ಓಟ. ವಾರವೂ ಬೇಕೆಂದರೆ ಇದರದೇ ಅಣ್ಣ 2836-2, ಟಿಸ್ಸಾಟ್ ವಿಸೊಡೇಟ್‌ನಲ್ಲಿ ಸಿಗುತ್ತದೆ. ತೆಳ್ಳಗಿನ ವಾಚು ಬೇಕಾದವರು 3.6 ಮಿಲಿಮೀಟರಿನ 2892-ಎ2 ಇರುವುದನ್ನು ನೋಡಬಹುದು. ಲಾಂಜಿನ್ಸ್ ಇದನ್ನು ಎಲ್619 ಎಂದು ಕರೆಯುತ್ತದೆ.

2824ರ ದೊಡ್ಡ ಲಾಭ ಅದರ ಸರಳತೆ. ಇದನ್ನು ಬಿಚ್ಚಿ ಕೂಡಿಸಿದ ಕೈಗಳು ಬೆಂಗಳೂರಿನಲ್ಲೂ ಸಾಕಷ್ಟಿವೆ. ಇಟಿಎಯ ಒಡೆತನವಿರುವ ಸ್ವಾಚ್ ಗ್ರೂಪ್ ತನ್ನ ಬಿಡಿಭಾಗಗಳನ್ನು ಹೊರಗಿನ ರಿಪೇರಿಯವರಿಗೆ ಸುಲಭವಾಗಿ ಕೊಡುವುದಿಲ್ಲ, ನಿಜ. ಆದರೆ ಪೇಟೆಂಟ್ ಮುಗಿದಿದ್ದರಿಂದ ಸೆಲಿಟಾ ಕಂಪನಿ ಇದೇ ರಚನೆಯಲ್ಲಿ, ಒಂದು ಜ್ಯುವೆಲ್ ಹೆಚ್ಚಿಸಿ, ಎಸ್‌ಡಬ್ಲ್ಯೂ200 ಮಾಡುತ್ತಿದೆ. ಅದರ ಎಷ್ಟೋ ಭಾಗಗಳು ಇದಕ್ಕೂ ಹೊಂದುತ್ತವೆ. ಇನ್ನಿಪ್ಪತ್ತು ವರ್ಷ ಕಳೆದರೂ ರಿಪೇರಿಯಾಗುವ ವಾಚು ಎಂದು ಧೈರ್ಯವಾಗಿ ಹೇಳಬಹುದು.

ಒಂದೇ ಮೂವ್‌ಮೆಂಟ್ ಮೂರ್ನಾಲ್ಕು ದರ್ಜೆಗಳಲ್ಲಿ ಬರುತ್ತದೆ. ಸ್ಟ್ಯಾಂಡರ್ಡ್ ದರ್ಜೆಯದನ್ನು ಎರಡು ಭಂಗಿಗಳಲ್ಲಿ (ವಾಚನ್ನು ಮಲಗಿಸಿ, ನಿಲ್ಲಿಸಿ ಇಡುವ ಬೇರೆಬೇರೆ ರೀತಿ) ಹೊಂದಿಸಿರುತ್ತಾರೆ, ದಿನಕ್ಕೆ ಸರಾಸರಿ 12 ಸೆಕೆಂಡು ಹಿಂದೆಮುಂದೆ ಆಗಬಹುದು. ಎಲಾಬೊರೇಟೆಡ್‌ನಲ್ಲಿ ಮೂರು ಭಂಗಿ, 7 ಸೆಕೆಂಡು. ಟಾಪ್‌ನಲ್ಲಿ ಐದು ಭಂಗಿ, 4 ಸೆಕೆಂಡು. ಅದರ ಮೇಲಿನದು ಕ್ರೊನೊಮೀಟರ್, ಅಂದರೆ ನಿಖರತೆಯ ಅಧಿಕೃತ ಪರೀಕ್ಷೆ ಗೆದ್ದದ್ದು. ಹಳೇ ವಾಚಿನಲ್ಲಿ ದರ್ಜೆಗಿಂತ ಹಿಂದಿನ ಸರ್ವೀಸ್ ಹೇಗಾಗಿದೆ ಎನ್ನುವುದೇ ಹೆಚ್ಚು ಮುಖ್ಯ. ಒಳ್ಳೆಯ ಕೈ ಹೊಂದಿಸಿದ ಸ್ಟ್ಯಾಂಡರ್ಡ್ ಕೂಡ ದಿನಕ್ಕೆ ಐದು ಸೆಕೆಂಡಿನೊಳಗೆ ನಿಲ್ಲುತ್ತದೆ.

ಕೆಡುವುದು ಎಲ್ಲಿ? ಎರಡೂ ದಿಕ್ಕಿನಿಂದ ಕೀ ಕೊಡುವ ರಿವರ್ಸರ್ ಚಕ್ರಗಳಲ್ಲಿ. ಅವು ಅಂಟಿಕೊಂಡಾಗ ಒಂದು ಗುರುತು ಕಾಣಿಸುತ್ತದೆ. ಕ್ರೌನ್ (ವಾಚಿನ ಪಕ್ಕದ ಕೀ ಗುಬ್ಬಿ) ಹಿಡಿದು ಕೀ ಕೊಡುತ್ತಿದ್ದಂತೆ ಒಳಗಿನ ರೋಟರ್, ಅಂದರೆ ಕೈ ಅಲುಗಿದಾಗ ತಿರುಗಿ ಕೀ ತುಂಬುವ ಭಾರದ ತಟ್ಟೆ, ಗಿರಗಿರನೆ ತಿರುಗಿ ಕೈಗೆ ಅದುರು ಬರುತ್ತದೆ. ಹಾಗಾದ ವಾಚನ್ನು ಬಿಡಬೇಕೆಂದೇನೂ ಇಲ್ಲ, ಸರ್ವೀಸಿನ ದುಡ್ಡನ್ನು ಬೆಲೆಯಿಂದ ಕಡಿಮೆ ಮಾಡಿಸಿ. ಇನ್ನೊಂದು, ರಾತ್ರಿ ಎಂಟರಿಂದ ಬೆಳಗಿನ ನಾಲ್ಕರ ನಡುವೆ ಮುಳ್ಳುಗಳಿರುವಾಗ ತಾರೀಖನ್ನು ಕ್ರೌನಿನಿಂದ ಬದಲಿಸಿದರೆ ತಾರೀಖಿನ ಚಕ್ರದ ಹಲ್ಲು ಮುರಿಯಬಹುದು. ಅಂಗಡಿಯಲ್ಲೇ ಮುಳ್ಳನ್ನು ಎರಡು ಸಲ ಮಧ್ಯರಾತ್ರಿ ದಾಟಿಸಿ, ತಾರೀಖು ಪೂರ್ತಿ ಬದಲಾಗಿ ಕಿಟಕಿಯ ನಡುವೆ ನಿಲ್ಲುತ್ತದೆಯೇ ನೋಡಿ.

ಇದಕ್ಕೂ ಈಚಿನ ಪವರ್‌ಮ್ಯಾಟಿಕ್ 80 ಇರುವ ಟಿಸ್ಸಾಟ್‌ಗಳು, ಅದರಲ್ಲೂ ಪಿಆರ್‌ಎಕ್ಸ್, ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಧಾರಾಳವಾಗಿ ಬರುತ್ತಿವೆ. ಮಿಡಿತವನ್ನು 21,600ಕ್ಕೆ ಇಳಿಸಿ, ಉದ್ದದ ಸ್ಪ್ರಿಂಗ್ ಹಾಕಿ 80 ಗಂಟೆ ಓಡಿಸುತ್ತಾರೆ. ಶುಕ್ರವಾರ ಸಂಜೆ ಬಿಚ್ಚಿಟ್ಟದ್ದು ಸೋಮವಾರ ಬೆಳಗ್ಗೆ ಓಡುತ್ತಲೇ ಇರುತ್ತದೆ. ತೊಂದರೆ ಎಂದರೆ ವೇಗ ಹೊಂದಿಸುವ ಕಡ್ಡಿ ಇದರಲ್ಲಿಲ್ಲ, ಕಾರ್ಖಾನೆಯಲ್ಲೇ ಲೇಸರ್‌ನಿಂದ ಹೊಂದಿಸಿ ಕಳಿಸಿರುತ್ತಾರೆ. ಕೆಲವು ಆವೃತ್ತಿಗಳಲ್ಲಿ ಮಿಡಿತವನ್ನು ಹಿಡಿದು ಬಿಡುವ ಎಸ್ಕೇಪ್ ಚಕ್ರ, ಪ್ಯಾಲೆಟ್ ಎರಡೂ ಪ್ಲಾಸ್ಟಿಕ್. ಬೀದಿಯ ರಿಪೇರಿಯವರ ಕೈಗೆ ಇದು ಹತ್ತುವುದಿಲ್ಲ, ಸರ್ವೀಸ್ ಸೆಂಟರಿಗೇ ಹೋಗಬೇಕು. ಆದ್ದರಿಂದ ವಾರಂಟಿ ಕಾರ್ಡಿನಲ್ಲಿ ಅಂಗಡಿಯ ಮುದ್ರೆ, ಮಾರಾಟದ ತಾರೀಖು ಇದ್ದು, ಒಂದು ವರ್ಷವಾದರೂ ವಾರಂಟಿ ಉಳಿದಿದ್ದರೆ ಮಾತ್ರ ಕೊಳ್ಳಿ. ಕಾರ್ಡು ಇಲ್ಲದ ಪವರ್‌ಮ್ಯಾಟಿಕ್‌ಗೂ ಬಿಲ್ಲು ಇಲ್ಲದ 2824ಕ್ಕೂ ಒಂದೇ ಬೆಲೆ ಹೇಳಿದರೆ 2824 ತೆಗೆದುಕೊಳ್ಳುವುದೇ ಜಾಣತನ.

ಸಂಗ್ರಹಕ್ಕೆ: 1955–75ರ ಕೀ ಕೊಡುವ ವಾಚು

ಸಂಗ್ರಹ ಮಾಡಬೇಕೆಂಬ ಆಸೆ ಇರುವವರ ಮನಸ್ಸು ನಿಲ್ಲುವುದು ಇಲ್ಲೇ. ಈ ಕಾಲದ ಒಮೆಗಾ, ಲಾಂಜಿನ್ಸ್, ಟಿಸ್ಸಾಟ್ ತಂತಮ್ಮ ಮೂವ್‌ಮೆಂಟ್‌ಗಳನ್ನು ತಾವೇ ಮಾಡುತ್ತಿದ್ದವು. ಇವತ್ತಿನ ಹೊಸ ವಾಚಿನಲ್ಲಿ ಆ ಮಟ್ಟದ ಕೆಲಸ ಬೇಕೆಂದರೆ ಹಲವು ಲಕ್ಷ ತೆರಬೇಕು. ಹಾಗಾಗಿ ಸರಿಯಾದದ್ದು ಸಿಕ್ಕರೆ ಐವತ್ತು ಸಾವಿರಕ್ಕೆ ಇದಕ್ಕಿಂತ ಒಳ್ಳೆಯ ಗಡಿಯಾರಗಾರಿಕೆ ಬೇರೆಲ್ಲೂ ಸಿಗದು.

ಆಟೊಮ್ಯಾಟಿಕ್‌ಗಿಂತ ಕೀ ಕೊಡುವುದನ್ನೇ ಮೊದಲು ನೋಡಿ. ರೋಟರ್ ಇಲ್ಲ, ರಿವರ್ಸರ್ ಇಲ್ಲ, ಸವೆಯುವ ಭಾಗ ಕಡಿಮೆ, ಸರ್ವೀಸ್ ಅಗ್ಗ. ಒಮೆಗಾದಲ್ಲಿ 1939ರಲ್ಲಿ ಶುರುವಾದ 30 ಮಿಲಿಮೀಟರ್ ಸರಣಿಯ 266, 267, 268, 285, 286 ಇವೆಲ್ಲ ಗಟ್ಟಿ ಕೆಲಸದವು. ಆಮೇಲಿನ 601 ಕೂಡ 17 ಜ್ಯುವೆಲ್‌ನ ನಂಬಿಕಸ್ತ ಮೂವ್‌ಮೆಂಟ್, ಜೆನೀವ್ ಮತ್ತು ಡಿ ವಿಲ್ ವಾಚುಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆಟೊಮ್ಯಾಟಿಕ್ಕೇ ಬೇಕೆಂದರೆ 552, 565. ಲಾಂಜಿನ್ಸ್‌ನಲ್ಲಿ 23ಝಡ್, 30ಎಲ್. ಟಿಸ್ಸಾಟ್‌ನಲ್ಲಿ 781, 782 ಇರುವ ಸೀಸ್ಟಾರ್. 1930ರಿಂದ ಒಮೆಗಾ ಮತ್ತು ಟಿಸ್ಸಾಟ್ ಒಂದೇ ಗುಂಪಿನ ಕಂಪನಿಗಳಾಗಿದ್ದವು. ಹೆಸರಿನ ಭಾರವಿಲ್ಲದ ಕಾರಣ ಟಿಸ್ಸಾಟ್ ಅರ್ಧ ಬೆಲೆಗೆ ಬರುವುದುಂಟು. ನಮ್ಮ ದೃಷ್ಟಿಯಲ್ಲಿ ಈ ಗುಂಪಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಿಗುವುದು 1960ರ ದಶಕದ ಸೀಸ್ಟಾರ್.

ಒಮೆಗಾ ಕೊಳ್ಳುವವರು ಮುಚ್ಚಳ ತೆರೆಸದೆ ದುಡ್ಡು ಕೊಡಲೇಬೇಡಿ. 1960ರ ದಶಕದ ಒಮೆಗಾ ಮುಚ್ಚಳದ ಒಳಮೈಯಲ್ಲಿ 135.011 ಅಥವಾ 166.010 ಎನ್ನುವಂಥ ಸಂಖ್ಯೆ ಒತ್ತಿರುತ್ತದೆ. ಮೊದಲ ಮೂರು ಅಂಕೆಯೇ ಕಥೆ ಹೇಳುತ್ತದೆ. 135 ಎಂದರೆ ಗಂಡಸರ ವಾಚು, ಕೀ ಕೊಡುವುದು, ತಾರೀಖು ಇಲ್ಲ. 136 ಎಂದರೆ ಕೀ ಕೊಡುವುದು, ತಾರೀಖು ಉಂಟು. 165 ಆಟೊಮ್ಯಾಟಿಕ್, ತಾರೀಖು ಇಲ್ಲ. 166 ಆಟೊಮ್ಯಾಟಿಕ್, ತಾರೀಖು ಉಂಟು. 168 ಎಂದರೆ ಕ್ರೊನೊಮೀಟರ್. ಮುಚ್ಚಳದಲ್ಲಿ 166 ಇದ್ದು ಒಳಗೆ ಕೀ ಕೊಡುವ 601 ಕೂತಿದ್ದರೆ ಎರಡು ವಾಚು ಸೇರಿಸಿ ಒಂದು ಮಾಡಿದ್ದಾರೆ ಎಂದೇ ಅರ್ಥ. ಮೂವ್‌ಮೆಂಟ್ ಮೇಲಿನ ಸರಣಿ ಸಂಖ್ಯೆಯನ್ನೂ ಓದಿ. 2 ಕೋಟಿ ದಾಟಿದ ಸಂಖ್ಯೆ 1960ರ ದಶಕದ ಮೊದಲ ಭಾಗದ್ದು, 3 ಕೋಟಿ ದಾಟಿದ್ದು 1970ರ ಹೊತ್ತಿನದು. ಮೂವ್‌ಮೆಂಟ್ ತಾಮ್ರದ ಬಣ್ಣದ ಲೇಪದಲ್ಲಿ ಒಂದೇ ಸಮ ಇರಬೇಕು. ಒಂದು ಸೇತುವೆ (ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿ) ಮಾತ್ರ ಬೆಳ್ಳಗಿದ್ದರೆ ಅದು ಬೇರೆ ವಾಚಿನಿಂದ ಬಂದದ್ದು. ಅಸಲಿ ಪ್ಲಾಸ್ಟಿಕ್ ಗಾಜಿನ ನಟ್ಟನಡುವೆ, ಒಳಮೈಯಲ್ಲಿ, ಸಾಸಿವೆಗಿಂತ ಸಣ್ಣ ಒಮೆಗಾ ಚಿಹ್ನೆ ಇರುತ್ತದೆ. ಇಲ್ಲದಿದ್ದರೆ ಗಾಜು ಬದಲಾಗಿದೆ ಅಷ್ಟೇ, ಅದಕ್ಕಾಗಿ ವಾಚು ಬಿಡಬೇಕಿಲ್ಲ.

ಮುಚ್ಚಳದ ಹೊರಗೆ ಬರೆದಿರುವುದನ್ನೂ ಎಚ್ಚರದಿಂದ ಓದಿ. "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಎಂದಿದ್ದರೆ ಹಿಂಬದಿ ಮಾತ್ರ ಸ್ಟೀಲು, ಕೇಸು ಹಿತ್ತಾಳೆಯ ಮೇಲೆ ಕ್ರೋಮ್ ಅಥವಾ ಚಿನ್ನದ ಲೇಪ. ಬೆವರಿಗೆ ಆ ಲೇಪ ಪಟ್ಟಿ ಸಿಕ್ಕಿಸುವ ಕೊಂಬುಗಳ ತುದಿಯಲ್ಲಿ ಮೊದಲು ಏಳುತ್ತದೆ. ಮಂಗಳೂರು, ಕಾರವಾರದ ಕಡೆ ಕಟ್ಟುವವರಿಗೆ ಪೂರ್ತಿ ಸ್ಟೀಲಿನದೇ ಲೇಸು. ಚಿನ್ನದ ಲೇಪವಾದರೆ 20 ಮೈಕ್ರಾನ್ ಎಂದು ಮುದ್ರೆ ಇರುವುದು 10ಕ್ಕಿಂತ ಬಹಳ ಬಾಳುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಆ ಕಾಲದ ಗಂಡಸರ ವಾಚು 33ರಿಂದ 36 ಮಿಲಿಮೀಟರ್. ಇವತ್ತಿನ 40, 42ಕ್ಕೆ ಒಗ್ಗಿದ ಕಣ್ಣಿಗೆ ಮೊದಲ ವಾರ ಚಿಕ್ಕದೆನಿಸುತ್ತದೆ, ಆಮೇಲೆ ಅದೇ ಹಿತವಾಗುತ್ತದೆ. ಕೊಂಬುಗಳ ನಡುವೆ 18 ಮಿಲಿಮೀಟರ್ ಇದ್ದರೆ ಬೆಲ್ಟು ಎಲ್ಲ ಕಡೆ ಸಿಗುತ್ತದೆ. 17 ಅಥವಾ 19 ಆದರೆ ಹುಡುಕಾಟ.

ಬಣ್ಣ ಬಳಿದ ಡಯಲ್ ಗುರುತಿಸುವುದು

ಕಡಿಮೆ ಬೆಲೆಯ ಹಳೇ ವಾಚು ಕೊಳ್ಳುವವರು ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. ಮುಂಬೈಯಲ್ಲಿ ಹಳೇ ವಾಚುಗಳ ಡಯಲ್ ಕೆರೆದು, ಹೊಸ ಬಣ್ಣ ಬಳಿದು, ಅಕ್ಷರ ಮುದ್ರಿಸಿ, ಕೇಸಿಗೆ ಹೊಸ ಲೇಪ ಕೊಟ್ಟು ಮಾರುವ ದೊಡ್ಡ ದಂಧೆಯೇ ಇದೆ. ಆ ವಾಚುಗಳು ಆನ್‌ಲೈನ್ ಮೂಲಕ ಜಗತ್ತಿಗೆಲ್ಲ ಹೋಗುತ್ತವೆ, ಸಂಗ್ರಹಕಾರರ ನಡುವೆ ಅವಕ್ಕೆ ಮುಂಬೈ ಸ್ಪೆಷಲ್ ಎಂದೇ ಹೆಸರು. ಕಿತ್ತಳೆ, ನೀಲಿ, ಹಸಿರು ಬಣ್ಣದ ಹೊಳೆಯುವ ಕ್ಯಾಮಿ, ಫಾವ್ರೆ ಲ್ಯೂಬಾ, ಹೆನ್ರಿ ಸ್ಯಾಂಡೋಜ್ ಎರಡು ಮೂರು ಸಾವಿರಕ್ಕೆ ಕಂಡರೆ ಅದು ಇದೇ ಎಂದು ತಿಳಿಯಿರಿ.

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಯಲ್‌ನ ಆರು ಗಂಟೆಯ ಕೆಳಗಿನಿಂದ ಶುರುಮಾಡಿ. ಸ್ವಿಸ್ ಮೇಡ್ ಎಂಬ ಅಕ್ಷರ ಇದೆಯೇ, ಅಂಚಿನಡಿ ಅರ್ಧ ಮುಚ್ಚಿಹೋಗಿದೆಯೇ, ಎಡಬಲ ಸಮವಾಗಿದೆಯೇ? ಅಲ್ಲಿಂದ ನಿಮಿಷದ ಗೆರೆಗಳ ಮೇಲೆ ಕಣ್ಣಾಡಿಸುತ್ತ ಸುತ್ತು ಬನ್ನಿ. ಅಸಲಿ ಡಯಲ್‌ನಲ್ಲಿ ಲೋಹದ ಗಂಟೆಗುರುತಿನ ನೆತ್ತಿಗೆ ನಿಮಿಷದ ಗೆರೆ ಸರಿಯಾಗಿ ಎದುರಾಗುತ್ತದೆ. ಬಣ್ಣ ಬಳಿದದ್ದರಲ್ಲಿ ಎಲ್ಲೋ ಒಂದು ಕಡೆ, ಸಾಮಾನ್ಯವಾಗಿ ನಾಲ್ಕು ಅಥವಾ ಎಂಟರ ಹತ್ತಿರ, ಗೆರೆ ಕೂದಲೆಳೆಯಷ್ಟು ಜಾರಿರುತ್ತದೆ. ಅಕ್ಷರಗಳ ಅಂಚು ನೋಡಿ. ಕಾರ್ಖಾನೆಯ ಮುದ್ರಣ ತೆಳುವಾಗಿ, ತುಸು ಉಬ್ಬಿ, ಚೂಪಾಗಿ ನಿಂತಿರುತ್ತದೆ. ಮರುಮುದ್ರಣದ ಅಕ್ಷರ ದಪ್ಪವಾಗಿ, ಮೂಲೆ ಗುಂಡಾಗಿ, ಶಾಯಿ ಹರಿದಂತಿರುತ್ತದೆ. ತಾರೀಖಿನ ಕಿಟಕಿಯ ಒಳಗೋಡೆಗೆ ಬಣ್ಣ ಇಳಿದಿದ್ದರೆ ಇನ್ನು ಅನುಮಾನವೇ ಬೇಡ.

ಕತ್ತಲಲ್ಲಿ ಹೊಳೆಯುವ ಲೇಪವೂ ಸಾಕ್ಷಿ ಹೇಳುತ್ತದೆ. 1960ರ ದಶಕದಿಂದ 1990ರ ದಶಕದ ಕೊನೆಯವರೆಗೆ ಟ್ರಿಟಿಯಂ ಬಳಸಿದ ಡಯಲ್‌ಗಳ ಬುಡದಲ್ಲಿ ಸ್ವಿಸ್ ಎಂಬುದರ ಎಡಬಲಕ್ಕೆ ಟಿ ಅಕ್ಷರ ಇರುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ ಹನ್ನೆರಡು ವರ್ಷಕ್ಕೆ ತುಸು ಹೆಚ್ಚು. 1965ರ ಡಯಲ್ ಇವತ್ತು ರಾತ್ರಿಯಿಡೀ ಹಸಿರಾಗಿ ಬೆಳಗಿದರೆ ಆ ಲೇಪ ಹೊಸತು. ಡಯಲ್‌ನ ಚುಕ್ಕೆ ಹಳದಿಗಟ್ಟಿ, ಮುಳ್ಳಿನದು ಬೆಳ್ಳಗಿದ್ದರೆ ಮುಳ್ಳು ಬದಲಾಗಿದೆ. ಅದಕ್ಕೂ ಹಿಂದಿನವು ರೇಡಿಯಂ. ಅವುಗಳ ಲೇಪವನ್ನು ಕೆರೆಯಲು, ಊದಲು ಹೋಗಬೇಡಿ, ಬಿಚ್ಚುವ ಕೆಲಸ ತಿಳಿದವರಿಗೇ ಬಿಡಿ. ಹೊಳಪು ಸತ್ತಿದ್ದರೂ ರೇಡಿಯಂನ ಅರ್ಧಾಯುಷ್ಯ 1,600 ವರ್ಷ, ಅದರ ಪುಡಿ ದೇಹದೊಳಗೆ ಹೋಗಬಾರದು.

ಕಲೆ ಬಿದ್ದ ಅಸಲಿ ಡಯಲ್, ಹೊಳೆಯುವ ಮರುಬಣ್ಣದ ಡಯಲ್ ಎರಡೂ ಎದುರಿಗಿದ್ದರೆ ಕಲೆ ಬಿದ್ದದ್ದನ್ನೇ ಆರಿಸಿ. ಮುಂದೆ ಮಾರುವಾಗಲೂ ಅದಕ್ಕೇ ಗಿರಾಕಿ. ಮರುಬಣ್ಣವೆಂದು ಮಾರುವವರೇ ಒಪ್ಪಿಕೊಂಡು, ಅಸಲಿಯ ಅರ್ಧ ಬೆಲೆಗೆ ಕೊಟ್ಟು, ಮೂವ್‌ಮೆಂಟ್ ಚೆನ್ನಾಗಿದ್ದರೆ ಕಟ್ಟಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅದು ಸಂಗ್ರಹದ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ.

ಫಾವ್ರೆ ಲ್ಯೂಬಾ, ವೆಸ್ಟ್ ಎಂಡ್, ರೋಮರ್

ಫಾವ್ರೆ ಲ್ಯೂಬಾ 1865ರ ಹೊತ್ತಿಗೇ ಬೊಂಬಾಯಿಗೆ ಬಂದಿತ್ತು. ವೆಸ್ಟ್ ಎಂಡ್ ಬೆಳೆದದ್ದೇ ಬೊಂಬಾಯಿ, ಕಲ್ಕತ್ತದ ಮಾರುಕಟ್ಟೆಯಿಂದ, ಅದರ ಸೊವಾರ್ ಹೆಸರು ಹಳೆಯ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕಾರ್ಖಾನೆ ಶುರುವಾಗುವವರೆಗೆ ಮದುವೆಯಲ್ಲಿ ಅಳಿಯನಿಗೆ ಕೊಡುವ ವಾಚು ಬಹುಪಾಲು ಇಂಥದ್ದೇ. ಹಾಗಾಗಿ ಈ ಗುಂಪಿನಲ್ಲಿ ಒಳ್ಳೆಯ ಮಾಲು ಸಿಗುವುದು ಅಂಗಡಿಯಲ್ಲಲ್ಲ, ಮನೆಗಳ ಬೀರುವಿನಲ್ಲಿ. ಕಟ್ಟಿದವರ ಮಗನೋ ಮೊಮ್ಮಗಳೋ ಮಾರುತ್ತಿರುವ, ಡಯಲ್ ಕಂದಿದ, ಗಾಜು ಗೀಚಿದ, ಫಾವ್ರೆ ಲ್ಯೂಬಾದ ಸೀ ಚೀಫ್ ಅಥವಾ ಸೀ ಕಿಂಗ್ ಸಿಕ್ಕರೆ ಕೈಬಿಡಬೇಡಿ.

ಫಾವ್ರೆ ಲ್ಯೂಬಾ 1962ರಲ್ಲಿ ಎರಡು ಬ್ಯಾರಲ್‌ಗಳ (ಸ್ಪ್ರಿಂಗ್ ಇಡುವ ಡಬ್ಬಿ) ತೆಳು ಮೂವ್‌ಮೆಂಟ್ ತಂದಿತು. ಎರಡು ಸ್ಪ್ರಿಂಗ್ ಹಂಚಿಕೊಂಡು ಎಳೆಯುವುದರಿಂದ ಓಟ ಸಮವಾಗಿರುತ್ತದೆ. ಚೆಂದದ ಕೆಲಸ, ಆದರೆ ಬಿಡಿಭಾಗ ಕಷ್ಟ. ಕೊಳ್ಳುವ ಮುನ್ನ ಪೂರ್ತಿ ಕೀ ಕೊಟ್ಟು ಮರುದಿನವೂ ಓಡುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. 2011ರಲ್ಲಿ ಟೈಟನ್ ಈ ಹೆಸರನ್ನು ಕೊಂಡಿತ್ತು, ಈಗ ಅದು ಬೇರೆಯವರ ಕೈಯಲ್ಲಿದೆ. ಹೊಸ ವಾಚುಗಳ ಸರ್ವೀಸ್ ಜಾಲದಿಂದ 1960ರ ವಾಚಿಗೆ ಏನೂ ಸಿಗುತ್ತದೆಂದು ನಂಬಿ ಕೂರಬೇಡಿ.

ಇದೇ ಗುಂಪಿನಲ್ಲಿ ಎಎಸ್ ಕಂಪನಿಯ ಮೂವ್‌ಮೆಂಟ್ ಅಥವಾ ಎಫ್‌ಎಚ್‌ಎಫ್ ಕಂಪನಿಯ 96 ಮೂವ್‌ಮೆಂಟ್ ಇರುವವು ಬಹಳ. ಲಕ್ಷಗಟ್ಟಲೆ ಮಾಡಿದ ಸರಳ ಮೂವ್‌ಮೆಂಟ್‌ಗಳು ಅವು, ಕೆಟ್ಟ ವಾಚಿನಿಂದ ತೆಗೆದ ಭಾಗಗಳು ಸುಲಭವಾಗಿ ದೊರೆಯುತ್ತವೆ. ರೋಮರ್ ಮಾತ್ರ ಎಚ್ಚರ. ಮೂವ್‌ಮೆಂಟ್ ಅದರದೇ, ಒಳ್ಳೆಯದೇ. ಆದರೆ ಅದರ ಪೇಟೆಂಟ್ ಪಡೆದ ನೀರುನಿರೋಧಕ ಕೇಸು ಮಾಮೂಲಿ ರೀತಿಯಲ್ಲಿ ಬಿಚ್ಚುವುದಿಲ್ಲ. ಗೊತ್ತಿಲ್ಲದವರು ಹಿಂದಿನಿಂದ ಮೀಟಿ ಅಂಚು ಕೆತ್ತಿರುತ್ತಾರೆ, ಗಾಜು ಕೂರುವ ಜಾಗ ಹಾಳಾಗಿರುತ್ತದೆ. ರೋಮರ್ ಕೇಸಿನ ಅಂಚಿನಲ್ಲಿ ಸ್ಕ್ರೂಡ್ರೈವರ್ ಗುರುತು ಕಂಡರೆ ಮುಂದಿನದನ್ನು ನೋಡಿ.

ಒಂದೇ ಜ್ಯುವೆಲ್, ಇಲ್ಲವೇ ಜ್ಯುವೆಲ್ಲೇ ಇಲ್ಲದ ಪಿನ್ ಲಿವರ್ ಮೂವ್‌ಮೆಂಟ್‌ಗಳೂ ಸ್ವಿಸ್ ಮೇಡ್ ಎಂದೇ ಬರುತ್ತವೆ. ಅವುಗಳನ್ನು ಅಗ್ಗಕ್ಕೆಂದೇ ಮಾಡಿದ್ದು, ಸವೆದ ಮೇಲೆ ರಿಪೇರಿಯ ಖರ್ಚು ವಾಚಿನ ಬೆಲೆ ಮೀರುತ್ತದೆ. ಕನಿಷ್ಠ 15, ಮೇಲಾಗಿ 17 ಜ್ಯುವೆಲ್ ಇರುವುದನ್ನೇ ಕೊಳ್ಳಿ.

ರಾಡೊ ಮತ್ತು ಕ್ವಾರ್ಟ್ಜ್

1962ರಲ್ಲಿ ಬಂದ ರಾಡೊ ಡಯಾಸ್ಟಾರ್‌ನ ಹೊರಕವಚ ಟಂಗ್‌ಸ್ಟನ್ ಕಾರ್ಬೈಡಿನದು, ಗಾಜು ಸಫೈರ್. ಗೀಚು ಬೀಳುವುದಿಲ್ಲ, ಆದರೆ ಕಲ್ಲು ನೆಲಕ್ಕೆ ಬಿದ್ದರೆ ಮೂಲೆ ಚಕ್ಕೆ ಏಳುತ್ತದೆ. ಕೋನ ಕತ್ತರಿಸಿದ ಆ ಗಾಜಿಗೆ ಬದಲಿ ದುಬಾರಿ. ಕರಾವಳಿಯಿಂದ ಗಲ್ಫಿಗೆ ದುಡಿಯಲು ಹೋದವರು ತಂದ ಡಯಾಸ್ಟಾರ್‌ಗಳು ಉಡುಪಿ, ಭಟ್ಕಳದ ಕಡೆಯ ಮನೆಗಳಲ್ಲಿ ಸಿಗುತ್ತವೆ. ಒಳಗಿನದು ಹೆಚ್ಚಾಗಿ ಇಟಿಎ, ಆದ್ದರಿಂದ ರಿಪೇರಿಗೆ ಅಂಜಿಕೆ ಇಲ್ಲ. ನಕಲಿಯೂ ಅಷ್ಟೇ ಹೇರಳ. ಡಯಲ್ ಮೇಲಿನ ಪುಟ್ಟ ಲಂಗರು ವಾಚನ್ನು ಓರೆ ಮಾಡಿದಂತೆ ತಾನಾಗಿ ತಿರುಗಬೇಕು. ಅಂಟಿಕೊಂಡು ನಿಂತಿದ್ದರೆ ಒಂದೋ ನಕಲಿ, ಇಲ್ಲವೇ ಬಹುಕಾಲ ಸರ್ವೀಸ್ ಕಂಡಿಲ್ಲ. ಕೈಚೈನು ಆ ಕೇಸಿಗೆಂದೇ ಮಾಡಿದ್ದಾದ್ದರಿಂದ, ಸಡಿಲವಾಗಿ ಜೋತುಬೀಳುತ್ತಿದ್ದರೆ ಬೆಲೆ ಇಳಿಸಿ ಕೇಳಿ.

ಕ್ವಾರ್ಟ್ಜ್ ಎಂದರೆ ಮೂಗು ಮುರಿಯಬೇಕಾಗಿಲ್ಲ. ಏಳು ಜ್ಯುವೆಲ್‌ನ ಇಟಿಎ 955.112 ಬಿಚ್ಚಿ ಎಣ್ಣೆ ಹಾಕಬಹುದಾದ, ದೀರ್ಘಕಾಲ ಬಾಳುವ ಮೂವ್‌ಮೆಂಟ್. ಸೆಕೆಂಡ್ ಮುಳ್ಳು ನಾಲ್ಕು ಸೆಕೆಂಡಿಗೊಮ್ಮೆ ನೆಗೆಯುತ್ತಿದ್ದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದರ್ಥ, ವಾಚು ಕೆಟ್ಟಿಲ್ಲ. ಓಡದ ಕ್ವಾರ್ಟ್ಜನ್ನು "ಸೆಲ್ ಹಾಕಿದರೆ ಸರಿಯಾಗುತ್ತೆ" ಎಂದು ಮಾರುವವರಿಂದ ದೂರವಿರಿ. ಸೆಲ್ ಸೋರಿ ಸುರುಳಿ ಸುಟ್ಟಿರುವುದೇ ಹೆಚ್ಚು. 1970ರ ದಶಕದ ಮೊದಲ ತಲೆಮಾರಿನ ಕ್ವಾರ್ಟ್ಜ್‌ಗಳಿಗೆ ಸರ್ಕ್ಯೂಟ್ ಸಿಗದು, ಬೇಡ.

ಕೌಂಟರಿನ ಮುಂದೆ ಕಾಲು ಗಂಟೆ

ನಿಂತಿರುವ ವಾಚನ್ನೇ ಕೈಗೆ ಕೇಳಿ. ಹತ್ತು ಸುತ್ತು ಕೀ ಕೊಡುವಷ್ಟರಲ್ಲಿ, ಅಲುಗಾಡಿಸದೆ, ತಾನಾಗಿ ಓಡಲು ಶುರುಮಾಡಬೇಕು. ಕ್ರೌನ್ ತಿರುಗಿಸುವಾಗ ಒಂದೇ ಬಿಗಿ ಇರಬೇಕು, ಜಾರಬಾರದು, ಕರಕರ ಅನ್ನಬಾರದು. ಕ್ರೌನ್ ಎಳೆದು ಮುಳ್ಳು ತಿರುಗಿಸಿ. ತೀರಾ ಸಡಿಲವಾಗಿದ್ದರೆ ನಿಮಿಷದ ಮುಳ್ಳು ಹೊತ್ತಿರುವ ಕ್ಯಾನನ್ ಪಿನಿಯನ್ ಸಡಿಲಾಗಿದೆ, ಒಳಗೆ ಚೆನ್ನಾಗಿ ಓಡುತ್ತಿದ್ದರೂ ಮುಳ್ಳು ಹಿಂದೆ ಬೀಳುತ್ತದೆ. ಆಟೊಮ್ಯಾಟಿಕ್ ಆದರೆ ಕಿವಿಯ ಬಳಿ ಮೆಲ್ಲಗೆ ಅಲ್ಲಾಡಿಸಿ. ರೋಟರ್ ಕೇಸಿಗೆ ಉಜ್ಜುವ ಸದ್ದು ಬಂದರೆ ಮುಚ್ಚಳದ ಒಳಮೈಯಲ್ಲಿ ಅರ್ಧಚಂದ್ರಾಕಾರದ ಗೀರು ಇದ್ದೇ ಇರುತ್ತದೆ.

ಟೈಮ್‌ಗ್ರಾಫರ್ (ವಾಚಿನ ಸದ್ದು ಕೇಳಿ ಓಟ ಅಳೆಯುವ ಯಂತ್ರ) ಇರುವ ಅಂಗಡಿಯಾದರೆ ಮೂರು ಅಂಕೆ ಕೇಳಿ: ದಿನದ ವ್ಯತ್ಯಾಸ, ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ), ಬೀಟ್ ಎರರ್ (ಟಿಕ್, ಟಾಕ್ ನಡುವಿನ ಅಂತರದ ಏರುಪೇರು). ಯಂತ್ರದಲ್ಲಿ ಲಿಫ್ಟ್ ಆ್ಯಂಗಲ್ (ಆಯಾ ಮೂವ್‌ಮೆಂಟ್‌ಗೆ ಗೊತ್ತಾಗಿರುವ ಒಂದು ಕೋನ) ಸರಿಯಾಗಿ ಹಾಕದಿದ್ದರೆ ಆಂಪ್ಲಿಟ್ಯೂಡ್ ಸುಳ್ಳು ಬರುತ್ತದೆ. 2824ಕ್ಕೆ 50 ಡಿಗ್ರಿ, ಒಮೆಗಾ 550 ಸರಣಿಗೆ 49. ಪೂರ್ತಿ ಕೀ ಕೊಟ್ಟು ಡಯಲ್ ಮೇಲ್ಮುಖವಾಗಿಟ್ಟಾಗ ಈಚಿನ ವಾಚು 270 ಡಿಗ್ರಿ ದಾಟಬೇಕು. 1960ರ ವಾಚಿಗೆ 240 ಬಂದರೆ ಸಂತೋಷಪಡಬಹುದು. 200ಕ್ಕಿಂತ ಕೆಳಗಿದ್ದರೆ ಸರ್ವೀಸ್ ಆಗಲೇಬೇಕು, ಮಾರುವವರು ಏನೇ ಹೇಳಲಿ. ಬೀಟ್ ಎರರ್ 1 ಮಿಲಿಸೆಕೆಂಡ್ ಒಳಗಿದ್ದರೆ ಸಾಕು. ದಿನಕ್ಕೆ 20 ಸೆಕೆಂಡು ಮುಂದಿದ್ದು ಎಲ್ಲ ಭಂಗಿಯಲ್ಲೂ ಅಷ್ಟೇ ಮುಂದಿದ್ದರೆ ಹೊಂದಿಸುವುದು ಸುಲಭ. ಒಂದು ಭಂಗಿಯಲ್ಲಿ 5 ಮುಂದೆ, ಇನ್ನೊಂದರಲ್ಲಿ 40 ಹಿಂದೆ ಎಂದಾದರೆ ಬ್ಯಾಲೆನ್ಸ್ ಚಕ್ರದ ಮೊನೆ ಸವೆದಿದೆ ಅಥವಾ ಕೂದಲು ಸ್ಪ್ರಿಂಗ್ ಸೊಟ್ಟಾಗಿದೆ. ನಿಮಿಷಗಟ್ಟಲೆ ಮುಂದೆ ಓಡುವ ವಾಚನ್ನು ಕೂಡಲೇ ತಿರಸ್ಕರಿಸಬೇಡಿ. ದಿಕ್ಸೂಚಿಯ ಬಳಿ ಹಿಡಿಯಿರಿ, ಮುಳ್ಳು ಅಲುಗಿದರೆ ವಾಚಿಗೆ ಅಯಸ್ಕಾಂತ ಹಿಡಿದಿದೆ, ಐದು ನಿಮಿಷದಲ್ಲಿ ಇಳಿಸಿಕೊಡುತ್ತಾರೆ. ಯಂತ್ರವಿಲ್ಲದ ಕಡೆ ಮೊಬೈಲಿನ ಆ್ಯಪ್ ಕೂಡ ದಿನದ ವ್ಯತ್ಯಾಸವನ್ನು ತಕ್ಕಮಟ್ಟಿಗೆ ಹೇಳುತ್ತದೆ.

ಎಲ್ಲಿ ಕೊಳ್ಳುವುದು

ಬಿಲ್ಲು ಕೊಟ್ಟು ಆರು ತಿಂಗಳಾದರೂ ವಾರಂಟಿ ಬರೆದುಕೊಡುವ ಡೀಲರ್ ಹತ್ತು ಹದಿನೈದು ಪರ್ಸೆಂಟ್ ಹೆಚ್ಚು ಕೇಳಿದರೂ ಮೊದಲ ವಾಚಿಗೆ ಅದೇ ಸರಿ. ಕ್ರೊನೊ24ನಂಥ ಜಾಲತಾಣದಲ್ಲಿ ವಾಚು ಕೈಸೇರುವವರೆಗೆ ದುಡ್ಡನ್ನು ಮಧ್ಯದಲ್ಲಿ ಹಿಡಿದಿಡುವ ವ್ಯವಸ್ಥೆ ಇದೆ. ಆದರೆ ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಎಲ್ಲ ಸೇರುತ್ತದೆ. ಆರ್ಡರ್ ಮಾಡುವ ಮುನ್ನವೇ ಕೊರಿಯರ್ ಕಂಪನಿಯಿಂದ ಅಂದಾಜು ಕೇಳಿಕೊಳ್ಳಿ. ಬೆಲೆ ಕಡಿಮೆ ಬರೆದು ಕಳಿಸುತ್ತೇನೆ ಎನ್ನುವವರ ಮಾತಿಗೆ ಒಪ್ಪಬೇಡಿ, ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು. ಬೆಂಗಳೂರಿನ ಭಾನುವಾರದ ಸಂತೆ, ಮುಂಬೈಯ ಚೋರ್ ಬಜಾರ್ ಕಣ್ಣು ಪಳಗಿದ ಮೇಲೆ ಹೋಗುವ ಜಾಗಗಳು. ಅಲ್ಲಿ ಕೊಟ್ಟ ದುಡ್ಡು ಮರಳುವುದಿಲ್ಲ.

ಆನ್‌ಲೈನ್‌ನಲ್ಲಿ ಮಾರುವವರಿಂದ ನಾಲ್ಕು ಫೋಟೊ ಕೇಳಿ: ಗಾಜಿನ ಮಿನುಗು ಬೀಳದ ಡಯಲ್, ಮುಚ್ಚಳದ ಒಳಮೈ, ಮೂವ್‌ಮೆಂಟ್, ಕೊಂಬುಗಳ ಪಕ್ಕದ ನೋಟ. ಮೂವ್‌ಮೆಂಟ್ ಫೋಟೊ ಕೊಡಲು ಹಿಂಜರಿದರೆ ಮಾತು ಅಲ್ಲಿಗೇ ಮುಗಿಸಿ. ಲಾಂಜಿನ್ಸ್ ಆದರೆ ಸರಣಿ ಸಂಖ್ಯೆ ಕೊಟ್ಟು ಸ್ವಿಟ್ಜರ್ಲೆಂಡಿನ ಸೇಂಟ್ ಇಮಿಯೆಯಲ್ಲಿರುವ ಕಂಪನಿಯ ದಾಖಲೆಯಿಂದ ಆ ವಾಚು ಯಾವಾಗ, ಯಾವ ದೇಶಕ್ಕೆ ಹೋಯಿತೆಂದು ವಿಚಾರಿಸಬಹುದು.

ಕೈಗೆ ಬಂದ ಮೇಲೆ

ಹಳೇ ವಾಚಿನ ಮುಚ್ಚಳದ ಮೇಲೆ ವಾಟರ್‌ಪ್ರೂಫ್ ಎಂದು ಎಷ್ಟೇ ದೊಡ್ಡದಾಗಿ ಬರೆದಿದ್ದರೂ ನೀರು ತಾಗಿಸಬೇಡಿ. ಐವತ್ತು ವರ್ಷದ ರಬ್ಬರ್ ಎಂದೋ ಗಟ್ಟಿಯಾಗಿದೆ. ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಕಂಡರೆ ಅವತ್ತೇ ಬಿಚ್ಚಿಸಿ ಒಣಗಿಸಿ, ಒಂದು ವಾರ ಬಿಟ್ಟರೆ ಮುಳ್ಳಿಗೂ ಸ್ಪ್ರಿಂಗಿಗೂ ತುಕ್ಕು. ಕೀ ಕೊಡುವ ವಾಚಿಗೆ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಬಿಗಿ ಬರುವವರೆಗೆ ಕೀ ಕೊಡಿ, ಕೈಯಲ್ಲಿ ಕಟ್ಟಿಕೊಂಡಾಗ ಬೇಡ. ಕ್ರೌನ್ ಓರೆಯಾಗಿ ಎಳೆದು ಅದರ ಕಡ್ಡಿ ಬಾಗುತ್ತದೆ.

ಸರ್ವೀಸಿಗೆ ಕೊಡುವಾಗ ಚೀಟಿಯ ಮೇಲೆ ಮೂರು ಸಾಲು ಬರೆಸಿ: ಕೇಸು ಪಾಲಿಶ್ ಬೇಡ, ಡಯಲ್ ಮತ್ತು ಮುಳ್ಳು ಮುಟ್ಟಬೇಡಿ, ಬದಲಿಸಿದ ಹಳೇ ಭಾಗ ವಾಪಸ್ ಕೊಡಿ. ಪಾಲಿಶ್ ಬಟ್ಟೆಗೆ ಕೊಟ್ಟ ಕೇಸಿನ ಚೂಪು ಅಂಚು ಎರಡೇ ನಿಮಿಷದಲ್ಲಿ ಗುಂಡಾಗುತ್ತದೆ, ಅದನ್ನು ಮತ್ತೆ ತರಲು ಸಾಧ್ಯವಿಲ್ಲ. ಮುಟ್ಟಿ ಒರೆಸಿದರೆ ಹಳೇ ಡಯಲ್‌ನ ಅಕ್ಷರಗಳೇ ಬಟ್ಟೆಗೆ ಬರುತ್ತವೆ. ಕೆಲಸ ಮುಗಿದ ಮೇಲೆ ಟೈಮ್‌ಗ್ರಾಫರ್‌ನ ಮುಂದೆ ಕನಿಷ್ಠ ಮೂರು ಭಂಗಿಯ ಅಂಕೆ ತೋರಿಸಿಕೊಂಡು, ಅದನ್ನು ಬಿಲ್ಲಿನ ಹಿಂದೆ ಬರೆಸಿಕೊಂಡು ಬನ್ನಿ. ಮುಂದಿನ ಸರ್ವೀಸಿನ ಹೊತ್ತಿಗೆ, ಅಥವಾ ಮಾರುವ ಹೊತ್ತಿಗೆ, ಬೇಕಾಗುವುದು ಆ ಬಿಲ್ಲೇ.